ಲೈನಿನ ದಕ್ಷತೆ 75 ಅಥವಾ 66?

ಪ್ರಶ್ನೆ: ಸಿದ್ಧ ಉಡುಪು ಕಾರ್ಖಾನೆಯೊಂದರಲ್ಲಿ ಪ್ಲಾನಿಂಗ್ ಸಹಾಯಕನಾಗಿದ್ದೇನೆ. ಲೈನುಗಳ ದಕ್ಷತೆಯನ್ನು ಪವರ್ ಬಿಐ ಎಂಬ ವರದಿ ತಂತ್ರಾಂಶದ ಪರದೆಯಲ್ಲಿ ನೋಡುತ್ತೇವೆ. ಒಂದು ಲೈನಿಗೆ ಶೇ. 60, ಇನ್ನೊಂದಕ್ಕೆ ಶೇ. 90, ಒಟ್ಟು ಶೇ. 75 ಎಂದು ತೋರಿಸುತ್ತದೆ. ನಾನು ಕೈಯಲ್ಲಿ ಲೆಕ್ಕ ಹಾಕಿದರೆ 66 ಬರುತ್ತದೆ. 75ನ್ನೇ ನಂಬಿ ಮುಂದಿನ ತಿಂಗಳ ಟಾರ್ಗೆಟ್ ಏರಿಸಲು ಹೊರಟಿದ್ದಾರೆ. ಸೂತ್ರ ಬರೆದವರು ಕೆಲಸ ಬಿಟ್ಟಿದ್ದಾರೆ. ನಾನು ಅದನ್ನು ಮುಟ್ಟಬಹುದೇ? ಒಂದು ದಿನದ ಅಂಕಿಗಳನ್ನು ಜೊತೆಗಿಟ್ಟಿದ್ದೇನೆ.
– ಓದುಗರೊಬ್ಬರು, ಮಂಡ್ಯ ಜಿಲ್ಲೆ

ಉತ್ತರ: ನಿಮ್ಮ 66 ಸರಿಯಾಗಿದೆ. ನೀವು ಕಳುಹಿಸಿದ ಹಾಳೆಯಿಂದಲೇ ಹೇಳುತ್ತೇನೆ. ಮೊದಲ ಲೈನಿನಲ್ಲಿ 40 ಜನ, ತಲಾ 480 ನಿಮಿಷ. ಕೈಯಲ್ಲಿದ್ದ ಸಮಯ 19,200 ನಿಮಿಷ. ಅವರು ಹೊಲಿದದ್ದು 576 ಅಂಗಿ. ಅಂಗಿಯ ಸ್ಯಾಮ್, ಅಂದರೆ ಒಂದನ್ನು ಹೊಲಿಯಲು ಗೊತ್ತುಮಾಡಿದ ಸಮಯ, 20 ನಿಮಿಷ. ಗುಣಿಸಿದರೆ 11,520 ನಿಮಿಷದ ಕೆಲಸ; ಅದನ್ನು ಕೈಯಲ್ಲಿದ್ದ ಸಮಯದಿಂದ ಭಾಗಿಸಿದರೆ ದಕ್ಷತೆ, ಅಲ್ಲಿಗೆ ಶೇ. 60. ಎರಡನೆಯದರಲ್ಲಿ ಹತ್ತೇ ಜನ, 4,800 ನಿಮಿಷ; ಅದೇ ಅಂಗಿ 216, ಅಂದರೆ 4,320; ಶೇ. 90. ಎರಡನ್ನೂ ಸೇರಿಸಿ 15,840ನ್ನು 24,000ದಿಂದ ಭಾಗಿಸಿದರೆ 66. ನಿಮ್ಮ ಪರದೆ 60ನ್ನೂ 90ನ್ನೂ ಕೂಡಿಸಿ ಅರ್ಧ ಮಾಡಿದೆ. ಹತ್ತು ಜನರ ಲೈನಿಗೆ ನಲವತ್ತು ಜನರ ತೂಕ ಸಿಕ್ಕಿದೆ.

ಹೀಗಾಗುವುದು ಎಲ್ಲಿ ಎಂದರೆ, ಶೇಕಡಾವಾರನ್ನು ಸಾಲುಸಾಲಿಗೆ ಒಂದು ಕಾಲಮ್ಮಿನಲ್ಲಿ ಲೆಕ್ಕ ಹಾಕಿಟ್ಟು, ಆಮೇಲೆ ಆ ಕಾಲಮ್ಮಿಗೆ ಸರಾಸರಿ ಹಚ್ಚಿದಾಗ. ಅದನ್ನು ಬಿಟ್ಟು ಮೆಷರ್, ಅಂದರೆ ಪರದೆಯಲ್ಲಿ ತೋರಿಸುವಾಗಲೇ ಲೆಕ್ಕ ಹಾಕುವ ಸೂತ್ರ, ಬರೆಯಿರಿ. ಭಾಗಾಕಾರದ ಮೇಲಿನ ಅಂಕಿಗೆ ಸಮ್‌ಎಕ್ಸ್ ಎಂಬ ಫಂಕ್ಷನ್ ಬಳಸಿ. ಪ್ರತಿ ಸಾಲಿನ ಪೀಸನ್ನು ಆ ಉಡುಪಿನ ಸ್ಯಾಮ್‌ನಿಂದ ಗುಣಿಸಿ, ಬಂದದ್ದನ್ನು ಅದು ಕೂಡುತ್ತದೆ. ಕೆಳಗೆ ಹಾಜರಿ ನಿಮಿಷಗಳ ಮೊತ್ತ. ನಡುವೆ ಭಾಗಿಸಲು ಡಿವೈಡ್ ಫಂಕ್ಷನ್ ಇರಲಿ. ರಜೆಯ ದಿನ ಕೆಳಗೆ ಸೊನ್ನೆ ಬಂದರೆ ಅದು ಖಾಲಿ ಬಿಡುತ್ತದೆ. ಮೆಷರ್ ಆದರೆ ಒಟ್ಟು ಸಾಲಿನಲ್ಲಿ ಎರಡೂ ಮೊತ್ತಗಳನ್ನು ಹೊಸದಾಗಿ ಕೂಡಿ ಭಾಗಿಸುತ್ತದೆ, 66 ತಾನಾಗಿ ಬರುತ್ತದೆ.

ಇಷ್ಟಕ್ಕೇ ನಿಲ್ಲಿಸಬೇಡಿ. ನಿಮ್ಮ ಹಾಳೆಯಲ್ಲಿ ಓಟಿಯ, ಅಂದರೆ ಹೆಚ್ಚುವರಿ ದುಡಿಮೆಯ, ಕಾಲಮ್ಮೇ ಕಾಣಲಿಲ್ಲ. ನನಗೆ ಹೆಚ್ಚು ಆತಂಕ ತಂದದ್ದು ಅದು. ಮೊದಲ ಲೈನು ಒಂದು ಗಂಟೆ ಹೆಚ್ಚು ಕೂತು 648 ಅಂಗಿ ಹೊಲಿಯಿತು ಎನ್ನಿ. ನಿಜವಾದ ಸಮಯ 21,600 ನಿಮಿಷ, ದಕ್ಷತೆ ಅದೇ 60. ಆದರೆ ಸೂತ್ರದಲ್ಲಿ 480 ಎಂದು ಕಟ್ಟಿಹಾಕಿದ್ದರೆ ಪರದೆಯಲ್ಲಿ 67.5 ಕಾಣುತ್ತದೆ. ಹೆಚ್ಚು ಹೊತ್ತು ದುಡಿದದ್ದು ಹೆಚ್ಚು ಚುರುಕಾಗಿ ದುಡಿದಂತೆ ದಾಖಲಾಗುತ್ತದೆ.

ಹಿಂದೆ ನಾನಿದ್ದ ಕಾರ್ಖಾನೆಯೊಂದರಲ್ಲಿ ಇದೇ ನಡೆಯಿತು. ಉಬ್ಬಿದ ಅಂಕಿಯ ಮೇಲೆ ಟಾರ್ಗೆಟ್ ಏರಿತು. ಕಾಲರ್ ಕೂರಿಸುತ್ತಿದ್ದ ಅಕ್ಕ ಒಬ್ಬರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಶೌಚಾಲಯಕ್ಕೆ ಎದ್ದರೆ ಮುಂದೆ ಕಟ್ಟುಗಳು ರಾಶಿ ಬೀಳುತ್ತವೆ ಎಂದು. ಅವರ ಮಿಷನ್ನಿನ ಪಕ್ಕದಲ್ಲಿ ತುಂಬಿದ ಬಾಟಲಿ ಸಂಜೆಯವರೆಗೂ ಹಾಗೆಯೇ ಇರುತ್ತಿತ್ತು. ತಪ್ಪು ಎಲ್ಲಿದೆ ಎಂದು ಹುಡುಕಲು ನನಗೆ ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ಇಂದಿಗೂ ನನ್ನನ್ನು ಕಾಡುತ್ತವೆ.

ಆದ್ದರಿಂದ ಪರೀಕ್ಷೆ ಹೀಗೆ ಮಾಡಿ. ಒಂದು ಲೈನು, ಒಂದು ದಿನ ಆರಿಸಿ. ಪರದೆಯಲ್ಲಿ ಶೇಕಡಾವಾರಿನ ಪಕ್ಕದಲ್ಲೇ ಮೇಲಿನ ಅಂಕಿ, ಕೆಳಗಿನ ಅಂಕಿ ಎರಡನ್ನೂ ಬಿಡಿಬಿಡಿಯಾಗಿ ತೆರೆದಿಡಿ. ಪೀಸುಗಳನ್ನು ಲೈನಿನ ಕೊನೆಯಲ್ಲಿರುವ ಬೋರ್ಡಿನ ಗಂಟೆವಾರು ಬರಹದೊಂದಿಗೆ, ನಿಮಿಷಗಳನ್ನು ಹಾಜರಿ ಪುಸ್ತಕದೊಂದಿಗೆ ತಾಳೆ ನೋಡಿ. ಉಡುಪು ಬದಲಾದ ದಿನವನ್ನೂ ಒಂದು ನೋಡಿ. ಅಂದು ಲೈನಿಗೆ ಎರಡು ಸಾಲು ಇರುತ್ತದೆ. ಹಾಜರಿಯ ಪಟ್ಟಿ ಎರಡಕ್ಕೂ ಅಂಟಿಕೊಂಡರೆ ನಿಮಿಷಗಳು ಇಮ್ಮಡಿಯಾಗಿ ದಕ್ಷತೆ ಅರ್ಧಕ್ಕೆ ಇಳಿದು, ಪಾಪ, ಆ ಲೈನಿನ ಸೂಪರ್‌ವೈಸರ್ ಬೈಸಿಕೊಳ್ಳುತ್ತಾರೆ.

ಮುಟ್ಟಬಹುದೇ ಎಂದು ಕೇಳಿದ್ದೀರಿ. ಹಳೆಯ ಸೂತ್ರವನ್ನು ಅಳಿಸಬೇಡಿ. ಹೊಸ ಮೆಷರ್‌ಗೆ ಬೇರೆ ಹೆಸರಿಟ್ಟು, ವಿವರಣೆಯ ಜಾಗದಲ್ಲಿ ಏನು ಬದಲಾಯಿತು, ಯಾವ ದಿನ, ಏಕೆ ಎಂದು ಬರೆಯಿರಿ. ಒಂದು ತಿಂಗಳು ಎರಡೂ ಅಕ್ಕಪಕ್ಕ ಕಾಣಲಿ. ಇದ್ದಕ್ಕಿದ್ದಂತೆ 75 ಮಾಯವಾಗಿ 66 ಬಂದರೆ, ಲೈನು ಸೋಮಾರಿಯಾಯಿತು ಎಂದೇ ಮೇಲಿನವರು ತಿಳಿಯುತ್ತಾರೆ.

ಟಾರ್ಗೆಟ್ ಮಾತ್ರ ಆ ತಿಂಗಳಿಗೆ ಕಾಯುವುದಿಲ್ಲ. ಸಭೆಗೆ ಮೊದಲೇ ಮ್ಯಾನೇಜರ್ ಬಳಿ ಹೋಗಿ, ಸೂತ್ರದ ಮಾತೆತ್ತದೆ, ಬಿಳಿ ಹಾಳೆಯ ಮೇಲೆ ಆ ಎರಡು ಲೈನುಗಳ ನಿಮಿಷಗಳನ್ನು ಅವರೆದುರೇ ಕೂಡಿ ತೋರಿಸಿ. ಭಾಗಾಕಾರವನ್ನು ಅವರ ಕೈಯಲ್ಲೇ ಮಾಡಿಸಿ.