ಅರಿಸಿನದ ಕಾಗದ ಕೆಂಪಾಗದಿದ್ದರೆ

ಪ್ರಶ್ನೆ: ಎರಡನೇ ತರಗತಿಯ ಮಗಳಿಗಾಗಿ ಅರಿಸಿನದ ಕಾಗದ ಮಾಡಿದೆ. ಸೋಪಿನ ನೀರು ಹಚ್ಚಿದರೂ ಬಣ್ಣ ಬದಲಾಗಲಿಲ್ಲ. ಏಕೆ?

ಉತ್ತರ: ಅರಿಸಿನ ಕೆಂಪಾಗುವುದು ಕ್ಷಾರ (ಹುಳಿಗೆ ವಿರುದ್ಧ ಗುಣದ ವಸ್ತು) ತಾಗಿದಾಗ. ಹಾಗಾಗಿ ಯಾವ ಸೋಪು ಬಳಸಿದಿರಿ ಎಂಬುದನ್ನು ಮೊದಲು ನೋಡಿ. ಶಾಂಪೂ, ಪಾತ್ರೆ ತೊಳೆಯುವ ಲಿಕ್ವಿಡ್‌ಗಳಲ್ಲಿ ಸಾಮಾನ್ಯವಾಗಿ ಕ್ಷಾರ ಸಾಲದು, ಅರಿಸಿನ ಹಳದಿಯಾಗಿಯೇ ಉಳಿಯುತ್ತದೆ. ಬಟ್ಟೆ ಒಗೆಯುವ ಬಾರ್ ಸೋಪನ್ನು 2 ಚಮಚ ನೀರಿನಲ್ಲಿ ಉಜ್ಜಿ, ನೀರು ಬೆಳ್ಳಗಾಗುವಷ್ಟು ಕದಡಿ.

ಕಾಗದವೂ ಮುಖ್ಯ. ನುಣುಪು ಹಾಳೆ ಬಣ್ಣ ಹೀರುವುದಿಲ್ಲ. ಒರಟಾದ ಡ್ರಾಯಿಂಗ್ ಹಾಳೆ ಒಳ್ಳೆಯದು. 1 ಚಮಚ ಅರಿಸಿನಕ್ಕೆ 2 ಚಮಚ ನೀರು ಬೆರೆಸಿ ತೆಳ್ಳಗೆ ಬಳಿಯಿರಿ. ನೆರಳಲ್ಲೇ ಒಣಗಿಸಿ, ಬಿಸಿಲಿಗೆ ಅರಿಸಿನದ ಬಣ್ಣ ಮಾಸುತ್ತದೆ. ಒಣಗಿದ ಮೇಲೆ ಪುಡಿ ಕೊಡವಿ.

ಈಗ ಹತ್ತಿಕಡ್ಡಿಯನ್ನು ಸೋಪಿನ ನೀರಿಗೆ ಅದ್ದಿ ಮಗಳೇ ಹೂವೋ ಮೀನೋ ಬರೆಯಲಿ. ಗೆರೆ ಹೋದಲ್ಲೆಲ್ಲ ಕೆಂಗಂದು ಮೂಡುತ್ತದೆ! ಅದರ ಮೇಲೆ ನಿಂಬೆರಸ ತೊಟ್ಟಿಕ್ಕಿದರೆ ಹುಳಿ ಕ್ಷಾರವನ್ನು ಮುರಿದು ಮತ್ತೆ ಹಳದಿ. ‘ಹುಣಸೆನೀರು ಹಾಕಿದರೆ?’ ಎಂದು ಅವಳಿಂದ ಮೊದಲು ಊಹೆ ಹೇಳಿಸಿ, ಆಮೇಲೆ ಮಾಡಿಸಿ. ಕಲಿಕೆ ಆಗುವುದು ಅಲ್ಲೇ.

ಎಲೆಯಡಿಕೆಯ ಸುಣ್ಣ ಇನ್ನೂ ಗಾಢ ಕೆಂಪು ಕೊಡುತ್ತದೆ, ಆದರೆ ಕಣ್ಣಿಗೆ ಬಿದ್ದರೆ ಅಪಾಯ. ಮಕ್ಕಳ ಕೈಗೆ ಬೇಡ.