ಮುರಿಯುವ ಮೊದಲೇ ಸಡಿಲವಾಗಿತ್ತು

ಪ್ರಶ್ನೆ: ನಮಸ್ಕಾರ ಸರ್. ನನ್ನದು 1970ರ ದಶಕದ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಡ್ರೈವ್ ಹಿಂದಿನ ಚಕ್ರಗಳಿಗೆ. ಹಳೆಯ ಎಂಜಿನ್ ತೆಗೆದು ದೊಡ್ಡದು ಹಾಕಿಸಿದ್ದೇನೆ. ಮೊದಲು 110 ನ್ಯೂಟನ್ ಮೀಟರ್ ಇದ್ದ ಟಾರ್ಕ್ ಈಗ 220. ಕಾರನ್ನು 4 ಸೆಂ.ಮೀ. ಇಳಿಸಿ, ಚೆನ್ನಾಗಿ ಹಿಡಿತ ಕೊಡುವ ಅಗಲ ಟೈರ್ ಹಾಕಿದ್ದೇನೆ. ಆಮೇಲೆ ಎಡಗಡೆ ಆಕ್ಸಲ್‌ನ ಒಳಗಿನ ಸಿ.ವಿ. ಜಾಯಿಂಟ್ (ಕೋನ ಬದಲಾದರೂ ಆಕ್ಸಲ್ ತಿರುಗುವಂತೆ ಮಾಡುವ ಕೀಲು, ಗೇರ್‌ಬಾಕ್ಸ್ ಕಡೆಯದು) ಬೋಲ್ಟ್‌ಗಳು ಎರಡು ಸಲ ಮುರಿದವು. ಆರು ಎಂ8 (8 ಮಿ.ಮೀ. ದಪ್ಪದ) ಅಲೆನ್ ಬೋಲ್ಟ್‌ಗಳು. ಎರಡನೇ ಸಲ ಮುರಿದದ್ದು ತುಂಬಾ ಗಟ್ಟಿ ಎನ್ನುವ 12.9 ಗ್ರೇಡಿನವು, ಸ್ಪ್ರಿಂಗ್ ವಾಷರ್ ಕೂಡ ಇತ್ತು. ಇದಕ್ಕಿಂತ ಗಟ್ಟಿ ಬೋಲ್ಟ್ ಯಾವುದು? ಮುರಿದ ತುಂಡಿನ ಫೋಟೋ ಕಳಿಸಿದ್ದೇನೆ.

ಉತ್ತರ: ಇನ್ನೂ ಗಟ್ಟಿ ಬೋಲ್ಟ್ ಹುಡುಕಬೇಡಿ. ನೀವು ಹಾಕಿದ್ದೇ ಸಾಕಷ್ಟು ಗಟ್ಟಿ.

ಫೋಟೋವನ್ನು ದೊಡ್ಡದು ಮಾಡಿ ತುಂಬಾ ಹೊತ್ತು ನೋಡಿದೆ. ಮುರಿದ ಮುಖದ ಒಂದು ಅಂಚಿನಿಂದ ಸಣ್ಣ ಸಣ್ಣ ಗೆರೆಗಳು ಶುರುವಾಗಿವೆ, ಮರ ಕೊಯ್ದಾಗ ಕಾಣುವ ಉಂಗುರಗಳ ಹಾಗೆ. ಎದುರು ಅಂಚಿನಲ್ಲಿ ಮಾತ್ರ ಒಂದಿಷ್ಟು ಒರಟು ಜಾಗ. ಇದು ಒಂದೇ ಏಟಿಗೆ ತುಂಡಾದ ಬೋಲ್ಟ್ ಅಲ್ಲ. ಆ ಕಡೆ ಈ ಕಡೆ ಬಾಗಿ ಬಾಗಿ ಬಿರುಕು ಬೆಳೆದಿದೆ. ಉಳಿದ ಚೂರು ಕೊನೆಗೊಂದು ದಿನ ಕ್ಲಚ್ ಬಿಟ್ಟಾಗ ಹರಿದಿದೆ. ಬಿಗಿಯಾಗಿ ಕೂತ ಬೋಲ್ಟ್ ಹೀಗೆ ಬಾಗುವುದಿಲ್ಲ. ತಲೆಯ ಕೆಳಗೆ ಕಾಣುವ ಕೆಂಗಂದು ಪುಡಿಯೂ ಅದನ್ನೇ ಹೇಳುತ್ತದೆ. ಲೋಹ ಲೋಹಕ್ಕೆ ಉಜ್ಜಿದಾಗ ಬರುವ ತುಕ್ಕು ಅದು. ನಿಮ್ಮ ಬೋಲ್ಟ್ ಮುರಿಯುವ ಮೊದಲೇ ಸಡಿಲವಾಗಿತ್ತು.

ಎಂಜಿನ್ನಿನ ತಿರುಗುಬಲವನ್ನು ಬೋಲ್ಟ್‌ಗಳೇ ಹೊರುತ್ತವೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಬೋಲ್ಟ್ ಮಾಡುವುದು ಜಾಯಿಂಟನ್ನು ಫ್ಲ್ಯಾಂಜಿಗೆ, ಅಂದರೆ ಗೇರ್‌ಬಾಕ್ಸ್ ಕಡೆಯ ಚಪ್ಪಟೆ ಬಿಲ್ಲೆಗೆ, ಒತ್ತಿ ಹಿಡಿಯುವ ಕೆಲಸ. ಹೊರೆ ದಾಟುವುದು ಆ ಎರಡು ಮುಖಗಳ ನಡುವಿನ ಘರ್ಷಣೆಯಿಂದ. ಸ್ವಲ್ಪ ಲೆಕ್ಕ ಹಾಕೋಣ. 12.9 ಗ್ರೇಡಿನ ಎಂ8 ಬೋಲ್ಟನ್ನು ಸುಮಾರು 42 ನ್ಯೂಟನ್ ಮೀಟರಿಗೆ ಬಿಗಿದರೆ ಅದು ಎರಡೂವರೆ ಟನ್‌ಗಿಂತ ಜಾಸ್ತಿ ಬಲದಲ್ಲಿ ಒತ್ತುತ್ತದೆ. ಆರು ಸೇರಿದರೆ ಸುಮಾರು 16 ಟನ್. ಮುಖಗಳು ಒಣಗಿ ಸ್ವಚ್ಛವಾಗಿದ್ದು, ಬೋಲ್ಟ್‌ಗಳು ನಡುಮಧ್ಯದಿಂದ 43 ಮಿ.ಮೀ. ದೂರದಲ್ಲಿದ್ದರೆ, ಜಾರದೆ ಸುಮಾರು 1,000 ನ್ಯೂಟನ್ ಮೀಟರ್ ತಡೆದುಕೊಳ್ಳುತ್ತವೆ. ಅದೇ ಮುಖಗಳ ನಡುವೆ ಗ್ರೀಸ್ ಇದ್ದರೆ? ಹಿಡಿತ ಅರ್ಧಕ್ಕೆ ಇಳಿದು 500ರ ಆಸುಪಾಸಿಗೆ ಬರುತ್ತದೆ.

ಈಗ ಹೊರೆಯ ಕಡೆ ಬನ್ನಿ. ಮೊದಲ ಗೇರಿನ ಅನುಪಾತ 3.1, ಕೊನೆಯ ಡ್ರೈವ್ (ಚಕ್ರಗಳಿಗೆ ಹೋಗುವ ಮೊದಲಿನ ಕೊನೆಯ ಗೇರ್ ಜೋಡಿ) 4.4 ಅಂತ ಇಟ್ಟುಕೊಳ್ಳಿ. ಟಾರ್ಕನ್ನು ಇವೆರಡರಿಂದ ಗುಣಿಸಿ ಎರಡು ಆಕ್ಸಲ್‌ಗೆ ಹಂಚಿ. ಹಳೆಯ ಎಂಜಿನ್ ಒಂದೊಂದು ಆಕ್ಸಲ್ ಮೇಲೆ 750 ನ್ಯೂಟನ್ ಮೀಟರ್ ಹಾಕುತ್ತಿತ್ತು. ಈಗಿನದು 1,500 ಹಾಕಬಲ್ಲದು. ಅಷ್ಟಾಗುವ ಮೊದಲೇ ಟೈರ್ ಜಾರುತ್ತದೆ, ನಿಜ. ಒಂದು ಹಿಂದಿನ ಚಕ್ರದ ಮೇಲೆ 300 ಕೆ.ಜಿ. ಭಾರ ಇದ್ದರೆ ಸಾಮಾನ್ಯ ಟೈರ್ ಸುಮಾರು 880ಕ್ಕೆ ಜಾರುತ್ತದೆ. ಆದರೆ ಒಳ್ಳೆ ಹಿಡಿತದ ಟೈರ್ ಹಾಕಿದಿರಿ. ಕಾರು ಹೊರಡುವಾಗ ಭಾರವೂ ಹಿಂದಕ್ಕೆ ಬೀಳುತ್ತದೆ. ಎರಡೂ ಸೇರಿ 1,150 ದಾಟಬಹುದು. ಅಂದರೆ ಸಾಮಾನ್ಯ ಟೈರ್ ಆಗಿದ್ದರೆ ಮೊದಲೇ ಜಾರಿ ಜಾಯಿಂಟನ್ನು ಉಳಿಸುತ್ತಿತ್ತು, ಈ ಟೈರ್ ಉಳಿಸುತ್ತಿಲ್ಲ.

ಆದ್ದರಿಂದ ಮೊದಲು ಮಾಡಬೇಕಾದದ್ದು ಸ್ವಚ್ಛ ಮಾಡುವ ಕೆಲಸ. ಇದನ್ನೇ ಎಲ್ಲರೂ ಅವಸರದಲ್ಲಿ ಮುಗಿಸುವುದು. ಜಾಯಿಂಟಿನ ಎರಡೂ ಮುಖ ಮತ್ತು ಫ್ಲ್ಯಾಂಜನ್ನು ಬ್ರೇಕ್ ಕ್ಲೀನರ್ ಹಾಕಿ, ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಬಿಳಿಯಾಗೇ ಬರುವ ತನಕ ನಿಲ್ಲಿಸಬೇಡಿ. ಫ್ಲ್ಯಾಂಜಿನ ತೂತುಗಳನ್ನು ಮರೆಯಬೇಡಿ. ಅಲ್ಲಿ ಹಳೆಯ ಗ್ರೀಸ್ ಕಪ್ಪಗೆ ಗಟ್ಟಿಯಾಗಿ ಕೂತಿರುತ್ತದೆ. ತಳ ಮುಚ್ಚಿದ ತೂತಾದರೆ ಬೋಲ್ಟ್ ಒಳಗೆ ಹೋಗುವಾಗ ಆ ಗ್ರೀಸಿಗೆ ಹೊರಬರಲು ದಾರಿ ಇಲ್ಲ. ರೆಂಚ್ ‘ಟಕ್’ ಅನ್ನುತ್ತದೆ, ಆದರೆ ಒತ್ತಿ ಹಿಡಿದದ್ದು ಗ್ರೀಸನ್ನು. ಮುಖದ ಮೇಲೆ ಪೇಂಟ್ ಅಥವಾ ಪೌಡರ್ ಕೋಟಿಂಗ್ ಇದ್ದರೆ ಕೆರೆದು ತೆಗೆಯಿರಿ. ಬಿಗಿದ ಮೇಲೆ ಅದು ನಿಧಾನವಾಗಿ ಜಜ್ಜಿ ತೆಳುವಾಗುತ್ತದೆ. ಅಷ್ಟೇ ಬಿಗಿ ಕಡಿಮೆಯಾಗುತ್ತದೆ.

ಬೋಲ್ಟಿನ ತಲೆಯ ಗುಂಡಿಯನ್ನೂ ಸೂಜಿಯಿಂದ ಕೆದಕಿ ಸ್ವಚ್ಛ ಮಾಡಿ. ಕೊಳೆ ಇದ್ದರೆ ಅಲೆನ್ ಕೀ ಪೂರ್ತಿ ಕೂರುವುದಿಲ್ಲ. ಮೂಲೆ ಸವೆದರೆ ಆಮೇಲೆ ಬಿಚ್ಚುವುದು ನರಕ.

ಎರಡು ಸಲವೂ ಎಡಗಡೆಯೇ ಯಾಕೆ? ನನಗೆ ಎರಡು ಅನುಮಾನ. ಒಂದು, ಎಡಗಡೆಯ ಜಾಯಿಂಟನ್ನು ಮುಚ್ಚುವ ರಬ್ಬರ್ ಬೂಟ್ ಹರಿದು ಗ್ರೀಸ್ ಸೋರುತ್ತಿರಬಹುದು. ಕ್ಲಿಪ್ ಸುತ್ತ ಬೆರಳಾಡಿಸಿ ನೋಡಿ. ಎರಡನೆಯದು ಇದಕ್ಕಿಂತ ದೊಡ್ಡದು. ಒಳ ಜಾಯಿಂಟ್ ಒಳಕ್ಕೂ ಹೊರಕ್ಕೂ ಸ್ವಲ್ಪ ಸರಿಯುವ ಹಾಗಿರುತ್ತದೆ, ಚಕ್ರ ಮೇಲೆ ಕೆಳಗೆ ಹೋದಾಗ ಆಕ್ಸಲ್‌ಗೆ ಬೇಕಾಗುವ ಉದ್ದ ಬದಲಾಗುತ್ತದಲ್ವಾ, ಅದಕ್ಕೆ. ಹೊಸ ಎಂಜಿನ್ ಕೂರಿಸುವಾಗ ಗೇರ್‌ಬಾಕ್ಸ್ ಸೇರಿ ಎಡಕ್ಕೆ ಒಂದು ಸೆಂಟಿಮೀಟರ್ ಸರಿದಿದ್ದರೂ ಆ ಕಡೆಯ ಜಾಯಿಂಟ್ ತಳಕ್ಕೆ ಹೋಗಿ ಗುದ್ದುತ್ತದೆ. ಕಾರನ್ನು ಇಳಿಸಿದ್ದರಿಂದ ಜಾಯಿಂಟಿನ ಕೋನವೂ ಬದಲಾಗಿದೆ. ಗುದ್ದಿದ ಪ್ರತಿ ಸಲವೂ ಆರು ಬೋಲ್ಟ್‌ಗಳ ಮೇಲೆ ಏಟು. ಇದಕ್ಕೆ ಯಾವ ಗ್ರೇಡಿನ ಬೋಲ್ಟೂ ಔಷಧ ಅಲ್ಲ.

ಪರೀಕ್ಷೆ ಸುಲಭ. ಕಾರನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಹಿಂದಿನ ಸ್ಪ್ರಿಂಗ್ ಬಿಚ್ಚಿ. ಚಕ್ರವನ್ನು ಜ್ಯಾಕಿನಿಂದ ಪೂರ್ತಿ ಕೆಳಗಿನಿಂದ ಪೂರ್ತಿ ಮೇಲಿನವರೆಗೆ ಸ್ವಲ್ಪ ಸ್ವಲ್ಪವೇ ಎತ್ತಿ. ಪ್ರತಿ ಹಂತದಲ್ಲೂ ಆಕ್ಸಲನ್ನು ಕೈಯಲ್ಲಿ ಹಿಡಿದು ಒಳಕ್ಕೂ ಹೊರಕ್ಕೂ ಆಡಿಸಿ. ಎಲ್ಲ ಕಡೆ ಕೆಲವು ಮಿಲಿಮೀಟರ್ ಆಟ ಸಿಗಬೇಕು. ಎಲ್ಲಾದರೂ ಕಲ್ಲಿನ ಹಾಗೆ ನಿಂತರೆ ನಿಮ್ಮ ಕಾಯಿಲೆ ಸಿಕ್ಕಿತು. ಎಂಜಿನ್ ಮೌಂಟ್ ಸರಿಮಾಡಿ, ಇಲ್ಲ ಸರಿಯಾದ ಉದ್ದದ ಆಕ್ಸಲ್ ಮಾಡಿಸಿ.

ಸ್ಪ್ರಿಂಗ್ ವಾಷರ್ ತೆಗೆದುಬಿಡಿ. 1969ರಲ್ಲಿ ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಎಂಜಿನಿಯರ್ ಬೋಲ್ಟನ್ನು ಅಡ್ಡಡ್ಡ ಅಲುಗಾಡಿಸಿ ನೋಡುವ ಪರೀಕ್ಷೆ ಪ್ರಕಟಿಸಿದರು. ಬೋಲ್ಟ್ ತಾನಾಗೇ ಬಿಚ್ಚಿಕೊಳ್ಳಲು ಮುಖಗಳು ಅಡ್ಡ ಜಾರುವುದೇ ಮುಖ್ಯ ಕಾರಣ ಅಂತ ತೋರಿಸಿದ್ದು ಅದು. ಅಂಥ ಜಾರಾಟವನ್ನು ಸ್ಪ್ರಿಂಗ್ ವಾಷರ್ ತಡೆಯುವುದಿಲ್ಲ. ಎರಡೆರಡು ಬೋಲ್ಟಿಗೆ ಒಂದರಂತೆ ಬರುವ ದಪ್ಪ ಪಟ್ಟಿ ವಾಷರ್ ಹಾಕಿ, ತಲೆಯ ಒತ್ತಡ ಹರಡುತ್ತದೆ. ಜೊತೆಗೆ ಹಲ್ಲು ಕಚ್ಚುವ ಜೋಡಿ ವಾಷರ್ ಬೇಕಾದರೆ ಅದರ ದಪ್ಪಕ್ಕೆ ತಕ್ಕ ಉದ್ದದ ಬೋಲ್ಟ್ ತನ್ನಿ. ಎಂ8 ಬೋಲ್ಟ್ ಕನಿಷ್ಠ 8 ಮಿ.ಮೀ. ಆದರೂ ಥ್ರೆಡ್ ಕಚ್ಚಬೇಕು, 12 ಸಿಕ್ಕರೆ ಒಳ್ಳೆಯದು. ತಳ ಮುಟ್ಟಬಾರದು.

ಬಿಗಿಯುವಾಗ ಎದುರು ಬದುರು, ಎರಡು ಹಂತದಲ್ಲಿ, 42 ನ್ಯೂಟನ್ ಮೀಟರಿಗೆ. ನಿಮ್ಮ ಕಾರಿನ ಕೈಪಿಡಿಯ ಅಂಕಿ ಬೇರೆ ಇದ್ದರೆ, ಅದು ಮೂಲ ಗ್ರೇಡಿನ ಬೋಲ್ಟಿಗೆ ಬರೆದದ್ದು ಅಂತ ನೆನಪಿರಲಿ. ಕಡಿಮೆ ಗಟ್ಟಿಯ 8.8 ಗ್ರೇಡಿನ ಎಂ8 ಬೋಲ್ಟಿಗೆ ಸುಮಾರು 25 ನ್ಯೂಟನ್ ಮೀಟರ್ ಸಾಕು. ಅದೇ ಅಂಕಿಗೆ 12.9 ಬಿಗಿದರೆ ದುಡ್ಡು ಕೊಟ್ಟು ತಂದ ಬಲ ಸುಮ್ನೆ ಹೋಯಿತು.

ಇಷ್ಟಾದ ಮೇಲೂ ಹಿಡಿತ 1,000, ಹೊರೆ 1,150 ಅಂತಲೇ ಲೆಕ್ಕ ಇದೆಯಲ್ಲ. ಅದಕ್ಕೆ ಒಳ್ಳೆ ಲೇತ್ ಕೆಲಸದವರ ಹತ್ತಿರ ಜಾಯಿಂಟಿಗೂ ಫ್ಲ್ಯಾಂಜಿಗೂ ಒಟ್ಟಿಗೆ ತೂತು ಕೊರೆಸಿ ಎರಡು ಗಟ್ಟಿ ಡೋವೆಲ್ ಪಿನ್ (ಮುಖಗಳು ಜಾರದಂತೆ ತಡೆಯುವ ಉಕ್ಕಿನ ಕಡ್ಡಿ) ಹಾಕಿಸಿ. ಜಾಗ ಇದ್ದರೆ ಆರೂ ತೂತನ್ನು ಎಂ10 ಮಾಡಿಸಬಹುದು. ಆಗ ಹಿಡಿತ 1,600ಕ್ಕೆ ಏರುತ್ತದೆ. ಕೊಳಕು ಮುಖದ ಮೇಲೆ ಮಾತ್ರ ಈ ಕೆಲಸ ಮಾಡಿಸಬೇಡಿ.

ಪ್ರಶ್ನೆ: ಥ್ರೆಡ್‌ಲಾಕರ್ ಅಂಟು ಹಚ್ಚಿದರೆ ಸಾಕಲ್ವಾ? ಹಳೆಯ ಬೋಲ್ಟನ್ನೇ ಮತ್ತೆ ಹಾಕಬಹುದಾ?

ಉತ್ತರ: ನೀಲಿ ಥ್ರೆಡ್‌ಲಾಕರ್ ಒಂದು ಹನಿ ಹಚ್ಚಿ, ತಪ್ಪಿಲ್ಲ. ಆದರೆ ಅದು ಬೋಲ್ಟ್ ತಿರುಗದಂತೆ ನೋಡಿಕೊಳ್ಳುತ್ತದೆ, ಜಾರುವ ಮುಖಗಳನ್ನು ಹಿಡಿಯುವುದಿಲ್ಲ. ಹಳೆಯ ಬೋಲ್ಟನ್ನು ನಾನು ಈ ಜಾಗಕ್ಕೆ ಮತ್ತೆ ಹಾಕುವುದಿಲ್ಲ. ಒಂದು ಮುರಿದಿದ್ದರೆ ಉಳಿದ ಐದರಲ್ಲೂ ಕಣ್ಣಿಗೆ ಕಾಣದ ಬಿರುಕು ಇರಬಹುದು. ಹೊಳೆಯುವ ಜಿಂಕ್ ಲೇಪದ 12.9 ಕೂಡ ಬೇಡ. ಲೇಪ ಮಾಡುವಾಗ ಒಳಸೇರುವ ಹೈಡ್ರೋಜನ್ ಅಷ್ಟು ಗಟ್ಟಿ ಉಕ್ಕನ್ನು ಗಾಜಿನ ಹಾಗೆ ಮಾಡಬಹುದು. ಕಪ್ಪು ಬಣ್ಣದ, ಎಣ್ಣೆ ಹಚ್ಚಿದವನ್ನೇ ತನ್ನಿ. ಬಿಗಿಯುವ ಮೊದಲು ಎಣ್ಣೆ ಒರೆಸಿ. ಎಣ್ಣೆ ಇದ್ದ ಥ್ರೆಡ್ ಅದೇ ಟಾರ್ಕಿಗೆ ಜಾಸ್ತಿ ಎಳೆಯಲ್ಪಡುತ್ತದೆ.

ಬಿಗಿದ ಮೇಲೆ ಪ್ರತಿ ತಲೆಯಿಂದ ಜಾಯಿಂಟಿನ ಮೇಲಕ್ಕೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ನನ್ನ ಕಾರಿನಲ್ಲಿ 80 ಕಿ.ಮೀ. ಓಡಿಸಿ ಬಂದು ಕೆಳಗೆ ಮಲಗಿ ಟಾರ್ಚ್ ಹಾಕಿದಾಗ, ಐದು ಗೆರೆ ನೇರವಾಗಿದ್ದವು, ಆರನೆಯದು ಎರಡು ಮಿಲಿಮೀಟರ್ ಸರಿದಿತ್ತು. ಆ ಬೋಲ್ಟ್ ಬಿಚ್ಚಿ ನೋಡಿದರೆ ತಲೆಯ ಕೆಳಗೆ ಒಂದು ಚೂರು ಹಳೆಯ ಪೇಂಟ್ ಸಿಕ್ಕಿತು. ಕೆರೆದು ಹೊಸ ಬೋಲ್ಟ್ ಹಾಕಿದೆ. 500 ಕಿ.ಮೀ.ಗೆ ಮತ್ತೆ ನೋಡಿದಾಗ ಆರೂ ಗೆರೆಗಳು ನೇರವಾಗಿದ್ದವು.