ಸಭೆಯ ಸ್ಥಿತಿ ಕಂಡು ಆಗುವ ತಳಮಳ ದೇವರು ಕೊಟ್ಟದ್ದೇ? ಕೆಲಸ ಎಲ್ಲಿಂದ ಶುರು ಮಾಡಲಿ?

ಚರ್ಚಿನ ಸಂಡೇ ಸ್ಕೂಲ್ ನಿಂತುಹೋಗಿದೆ, ಯುವಕರು ಬರುತ್ತಿಲ್ಲ, ನನಗಾಗುತ್ತಿರುವುದು ದೇವರು ಕೊಟ್ಟ ಭಾರವೋ ಬರೀ ಗೊಣಗಾಟವೋ ಎಂದು ಕೇಳಿದ್ದೀರಿ. ಬೈಬಲಿನ ನೆಹೆಮೀಯನ ಗ್ರಂಥವನ್ನು ಪ್ರಸಂಗಕ್ಕಾಗಿ ಅಲ್ಲ, ಕೆಲಸ ಕಲಿಯುವುದಕ್ಕಾಗಿ ಒಮ್ಮೆ ಓದಿ.

ನೆಹೆಮೀಯ ಪಾರಸಿಯ ಅರಸನಿಗೆ ಪಾನಸೇವಕನಾಗಿದ್ದ ಯೆಹೂದ್ಯ. ಯೆರೂಸಲೇಮಿನ ಗೋಡೆ ಬಿದ್ದಿರುವ ಸುದ್ದಿ ಅವನಿಗೆ ಅರಮನೆಯಿದ್ದ ಶೂಷನಿನಲ್ಲಿ ಮುಟ್ಟಿದ್ದು ಯೆಹೂದ್ಯರ ಕಿಸ್ಲೇವ್ ತಿಂಗಳಲ್ಲಿ. ಅರಸ ಅರ್ತಷಸ್ತನ ಮುಂದೆ ಅವನು ಬಾಯಿಬಿಟ್ಟದ್ದು ನೀಸಾನ್ ತಿಂಗಳಲ್ಲಿ. ನಡುವಿನ ಸುಮಾರು ನಾಲ್ಕು ತಿಂಗಳು ಅಳು, ಉಪವಾಸ, ಪ್ರಾರ್ಥನೆ. ಆ ಪ್ರಾರ್ಥನೆಯಲ್ಲಿ ನಾನೂ ನನ್ನ ತಂದೆಯ ಮನೆಯವರೂ ಪಾಪ ಮಾಡಿದ್ದೇವೆ ಎಂಬ ಅರಿಕೆಯಿದೆ. ಗೊಣಗುವವರು ತಪ್ಪಿತಸ್ಥರನ್ನು ಎಣಿಸುವಾಗ ತಮ್ಮನ್ನು ಬಿಟ್ಟೇ ಎಣಿಸುತ್ತಾರೆ. ನೀವು ನಿಮ್ಮನ್ನೂ ಸೇರಿಸಿಕೊಂಡು ಪ್ರಾರ್ಥಿಸುತ್ತಿದ್ದರೆ ಧೈರ್ಯವಾಗಿ ಮುಂದುವರಿಯಿರಿ.

ಅರಸನು ಕೇಳಿದಾಗ ಅವನ ಬಳಿ ಲೆಕ್ಕ ಸಿದ್ಧವಿತ್ತು: ಎಷ್ಟು ಕಾಲ ಬೇಕು, ಯಾವ ಅಧಿಪತಿಗಳಿಗೆ ಪತ್ರ ಬೇಕು, ಅರಣ್ಯಪಾಲಕ ಆಸಾಫನಿಂದ ಯಾವುದಕ್ಕೆಲ್ಲ ಮರ ಬೇಕು. ನೀವೂ ಸಭಾಪಾಲಕರ ಬಳಿ ಹೋಗುವ ಮೊದಲು ಮಕ್ಕಳಿರುವ ಮನೆಗಳೆಷ್ಟು, ಯಾವ ಕೋಣೆ, ಯಾವ ಹೊತ್ತು, ಕಲಿಸುವವರು ಯಾರು, ಪುಸ್ತಕಕ್ಕೆ ತಿಂಗಳಿಗೆ ಎಷ್ಟು ಎಂದು ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ.

ಅದಕ್ಕೆ ಮೊದಲು ಸುತ್ತಾಡಲೇಬೇಕು. ನೆಹೆಮೀಯ ಯೆರೂಸಲೇಮಿಗೆ ಬಂದು ಮೂರು ದಿನ ಸುಮ್ಮನಿದ್ದ, ಆಮೇಲೆ ರಾತ್ರಿ ಕೆಲವೇ ಜನರೊಂದಿಗೆ ಗೋಡೆ ನೋಡಲು ಹೊರಟ. ಅರಸನ ಕೊಳದ ಹತ್ತಿರ ಅವನು ಕೂತಿದ್ದ ಪಶುವಿಗೆ ಕಾಲಿಡಲೂ ಜಾಗವಿರಲಿಲ್ಲ. ಅಷ್ಟು ಹತ್ತಿರದಿಂದ ನೋಡುವ ತನಕ ಯಾರಿಗೂ ಏನೂ ಹೇಳಲಿಲ್ಲ. ನೀವು ಬರುವುದನ್ನು ಬಿಟ್ಟವರ ಮನೆಗೆ ಹೋಗಿ. ಯಾಕೆ ಬರುತ್ತಿಲ್ಲ ಎಂದು ಕೇಳಬೇಡಿ, ಭಾನುವಾರ ಬೆಳಗ್ಗೆ ಮನೆಯಲ್ಲಿ ಏನು ನಡೆಯುತ್ತದೆ ಎಂದು ಕೇಳಿ. ಟ್ಯೂಷನ್, ಶಿಫ್ಟ್ ಕೆಲಸ, ಬಸ್ಸಿನ ಹೊತ್ತು, ಕನ್ನಡ ಆರಾಧನೆ ಅರ್ಥವಾಗದ ಇಂಗ್ಲಿಷ್ ಮೀಡಿಯಂ ಮಕ್ಕಳು, ಹೀಗೆ ಕಾರಣ ಬೇರೆಬೇರೆ. ಕಾರಣ ತಿಳಿಯದೆ ಯುವಜನ ಕೂಟ ಏರ್ಪಡಿಸಿದರೆ ಈಗಾಗಲೇ ಬರುತ್ತಿರುವವರೇ ಬರುತ್ತಾರೆ.

ಕೆಲಸ ಹಂಚುವಾಗ 3ನೇ ಅಧ್ಯಾಯ ನೋಡಿ. ಅನೇಕರು ತಮ್ಮ ಮನೆಯ ಎದುರಿನ ಗೋಡೆಯನ್ನೇ ಕಟ್ಟಿದರು. ಅಕ್ಕಸಾಲಿಗರಿದ್ದರು, ಸುಗಂಧದ್ರವ್ಯ ಮಾಡುವವರಿದ್ದರು, ಶಲ್ಲೂಮನ ಹೆಣ್ಣುಮಕ್ಕಳೂ ಇದ್ದರು. ತೆಕೋವ ಊರಿನ ಶ್ರೀಮಂತರು ಹೆಗಲು ಕೊಡಲಿಲ್ಲ. ಅವರ ವಿಷಯ ಒಂದೇ ವಚನದಲ್ಲಿ ಮುಗಿಯುತ್ತದೆ. ಒಲ್ಲದ ಹಿರಿಯರ ಹಿಂದೆ ಅಲೆಯುತ್ತ ನೀವೂ ವರ್ಷ ಕಳೆಯಬೇಡಿ.

ನಿಜವಾದ ಅಪಾಯ ಗೋಡೆ ಅರ್ಧಕ್ಕೆ ಬಂದಾಗ. ಕಟ್ಟುವುದನ್ನು ವಿರೋಧಿಸಿದ ಸನ್ಬಲ್ಲಟನ ಹಾಸ್ಯವನ್ನು ತಡೆದುಕೊಂಡ ಜನರೇ ಆಗ ಹೊರುವವರ ಬಲ ಕುಂದಿದೆ, ಮಣ್ಣುಕಲ್ಲಿನ ರಾಶಿ ಬಹಳ ಎಂದರು. ಹಳೆಯ ಅವಶೇಷ ತೆಗೆಯದೆ ಹೊಸ ಕಲ್ಲು ಕೂರುವುದಿಲ್ಲ. ಸಭೆಯಲ್ಲಿ ಈ ರಾಶಿ ಎಂದರೆ ತೀರದ ಜಗಳ, ತೋರಿಸದ ಕಾಣಿಕೆ ಲೆಕ್ಕ. 5ನೇ ಅಧ್ಯಾಯ ಇನ್ನೂ ನೋವಿನದು: ಬಡವರು ಹೊಲ, ದ್ರಾಕ್ಷಿತೋಟ ಒತ್ತೆಯಿಟ್ಟು ಮಕ್ಕಳನ್ನು ಜೀತಕ್ಕೆ ಒಪ್ಪಿಸಿದ್ದರು, ಸಾಲ ಕೊಟ್ಟವರು ಸ್ವಂತ ಸಹೋದರರೇ. ನೆಹೆಮೀಯ ಮಹಾಸಭೆ ಸೇರಿಸಿ, ಹೊಲವನ್ನೂ ನೂರಕ್ಕೊಂದರ ಬಡ್ಡಿಯನ್ನೂ ಹಿಂದಿರುಗಿಸುವಂತೆ ಯಾಜಕರ ಎದುರು ಪ್ರಮಾಣ ಮಾಡಿಸಿದ. ತಾನೂ 12 ವರ್ಷ ಅಧಿಪತಿಯ ಭತ್ಯೆ ಮುಟ್ಟಲಿಲ್ಲ. ಆದ್ದರಿಂದ ಪ್ರತಿ ತಿಂಗಳ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಾಕಿಸಿ. ಒಬ್ಬರೇ ಅಕ್ಕ ಪ್ರತಿವಾರ ಕಲಿಸಿ, ತಮ್ಮ ಕೈಯ ದುಡ್ಡಿನಿಂದಲೇ ಪುಸ್ತಕ ತರುವ ಪದ್ಧತಿ ನಿಲ್ಲಿಸಿ. ಪಾಳಿಗೆ ಕನಿಷ್ಠ ನಾಲ್ವರು ಸಿಗುವವರೆಗೆ ಎರಡನೇ ತರಗತಿ ಶುರು ಮಾಡಬೇಡಿ.

ಗೋಡೆ 52 ದಿನಗಳಲ್ಲಿ ಮುಗಿಯಿತು. ಆದರೆ ಊರೊಳಗೆ ಜನ ಕಡಿಮೆ. ಹತ್ತರಲ್ಲಿ ಒಬ್ಬರಂತೆ ಚೀಟು ಹಾಕಿ ಕರೆತರಬೇಕಾಯಿತು. ಮುಂದೆ ಅವನು ಅರಸನ ಬಳಿ ಹೋಗಿ ಹಿಂದಿರುಗುವಷ್ಟರಲ್ಲಿ ದೇವಾಲಯದ ಸೇವೆ ಮಾಡುವ ಲೇವಿಯರು ತಮ್ಮ ಪಾಲು ಸಿಗದೆ ಹೊಲಗಳಿಗೆ ಮರಳಿದ್ದರು. ಆಗ ನಂಬಿಗಸ್ತರೆನಿಸಿಕೊಂಡವರನ್ನು ದೇವಾಲಯದ ಉಗ್ರಾಣಕ್ಕೆ ನೇಮಿಸಿದ. ಸಂಡೇ ಸ್ಕೂಲಿಗೆ ಪ್ರತ್ಯೇಕ ಖಾತೆ, ಇಬ್ಬರ ಸಹಿ, ಕಲಿಸುವವರ ಬಸ್ ಚಾರ್ಜು, ನೀವಿಲ್ಲದಾಗ ನೋಡಿಕೊಳ್ಳುವವರ ಹೆಸರು, ಇಷ್ಟನ್ನು ಮೊದಲ ತಿಂಗಳಲ್ಲೇ ಕಮಿಟಿಯ ನಡಾವಳಿ ಪುಸ್ತಕದಲ್ಲಿ ಬರೆಸಿಡಿ.